ಹೇಗಿದ್ರೂ ಬೀಳೋ ಹಲ್ಲಿಗೆ ಯಾಕೆ ಖರ್ಚು?

ಪ್ರಶ್ನೆ: ನನ್ನ ಮಗಳಿಗೆ ಆರು ಮುಕ್ಕಾಲು ವರ್ಷ. ಕೆಳಗಡೆ ಮುಂದಿನ ಎರಡು ಹಾಲು ಹಲ್ಲು ಇನ್ನೂ ಬಿದ್ದಿಲ್ಲ, ಅಷ್ಟರಲ್ಲೇ ಅವುಗಳ ಹಿಂದೆ ಎರಡು ಹೊಸ ಹಲ್ಲು ಎದ್ದಿವೆ. ಅವು ಹಳದಿ ಬೇರೆ ಇವೆ. ತೋರಿಸೋಕೆ ಹೋದಾಗ ಡಾಕ್ಟರು ಎಡಗಡೆ ದವಡೆ ಹಲ್ಲು ನೋಡಿ ಹುಳುಕು ಆಳಕ್ಕೆ ಹೋಗಿದೆ ಅಂದರು. ಚೀಟಿಯಲ್ಲಿ ‘75 ಪಲ್ಪೆಕ್ಟಮಿ, ಕ್ಯಾಪ್, 36 ಸೀಲೆಂಟ್’ ಅಂತ ಬರೆದಿದ್ದಾರೆ. ಹೇಗಿದ್ರೂ ಬೀಳೋ ಹಲ್ಲಿಗೆ ಯಾಕೆ ಖರ್ಚು, ಕೀಳಿಸಿಬಿಡು ಅಂತಾರೆ ನಮ್ಮ ಯಜಮಾನರು. ಕೀಳಿಸಿದ್ರೆ ಕಣ್ಣಿಗೆ ತೊಂದರೆ ಅಂತಾರೆ ಅತ್ತೆ. ಇನ್ನೊಂದು ವಿಷಯ, ಚಿಕ್ಕ ಮಗನಿಗೆ 11 ತಿಂಗಳು, ಒಂದು ಹಲ್ಲೂ ಬಂದಿಲ್ಲ. ಒಂದು ವಾರದಿಂದ ಜ್ವರ, ಭೇದಿ. ಹಲ್ಲು ಬರೋದಕ್ಕೇ ಇರಬೇಕು ಅಂತ ಸುಮ್ನಿದ್ದೇವೆ. ಏನು ಮಾಡಲಿ?
ಒಬ್ಬ ತಾಯಿ, ಚಿತ್ರದುರ್ಗ ಜಿಲ್ಲೆ

ಉತ್ತರ: ಮೊದಲು ಚಿಕ್ಕವನ ವಿಷಯ. ನೀವು ಅದನ್ನು ಕೊನೆಗೆ ಬರೆದಿದ್ದೀರಿ, ಆದರೆ ಕಾಯುವಂಥದ್ದಲ್ಲದ್ದು ಅದೊಂದೇ. ಒಂದು ವಾರ ಜ್ವರ, ಭೇದಿ ಹಲ್ಲಿನಿಂದ ಬರುವುದಿಲ್ಲ. ಇದನ್ನು ಓದಿದ ದಿನವೇ ಮಕ್ಕಳ ಡಾಕ್ಟರಿಗೆ ತೋರಿಸಿ. ಅಲ್ಲಿಗೆ ಹೋಗುವವರೆಗೆ ಎದೆಹಾಲು ನಿಲ್ಲಿಸಬೇಡಿ, ಓಆರ್‌ಎಸ್ ಸ್ವಲ್ಪಸ್ವಲ್ಪವೇ ಚಮಚದಲ್ಲಿ ಕುಡಿಸುತ್ತಿರಿ. ಮೂತ್ರ ಕಡಿಮೆ ಆಗಿದ್ದರೆ, ಕಣ್ಣು ಒಳಗೆ ಹೋದಂತೆ ಕಂಡರೆ, ಅತ್ತರೂ ಕಣ್ಣೀರು ಬರದಿದ್ದರೆ, ಮಗು ಮಂಕಾಗಿ ಮಲಗೇ ಇದ್ದರೆ, ನಾಳೆ ಬೆಳಗ್ಗೆ ಅಂತ ಕಾಯಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಹಲ್ಲು ಬರುವಾಗ ಏನಾಗುತ್ತದೆ? ಜೊಲ್ಲು ಜಾಸ್ತಿ ಸುರಿಯುತ್ತದೆ, ವಸಡು ಸ್ವಲ್ಪ ಊದುತ್ತದೆ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ, ರಾತ್ರಿ ಕಿರಿಕಿರಿ. ಮೈ ತುಸು ಬೆಚ್ಚಗಾಗಬಹುದು. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ದಾಟಿದರೆ ಅದಕ್ಕೆ ಬೇರೆ ಕಾರಣ ಇದೆ. ಭೇದಿಗೂ ಅಷ್ಟೇ. ಆರು ತಿಂಗಳ ಹೊತ್ತಿಗೆ ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಇಳಿಯುತ್ತಾ ಬಂದಿರುತ್ತದೆ, ಮಗು ಅಂಬೆಗಾಲಿಡುತ್ತಾ ನೆಲದಲ್ಲಿದ್ದದ್ದನ್ನು ಬಾಯಿಗೆ ಹಾಕುತ್ತದೆ, ಮೇಲಿನ ಊಟ ಶುರುವಾಗಿರುತ್ತದೆ, ಹಲ್ಲು ಬರುವುದೂ ಅದೇ ಹೊತ್ತಿಗೆ. ಎಲ್ಲ ಒಟ್ಟಿಗೆ ನಡೆಯುವುದರಿಂದ ತಪ್ಪು ಹಲ್ಲಿನ ತಲೆಗೆ ಬರುತ್ತದೆ. ಇದನ್ನು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಯಾಕಂದ್ರೆ ‘ಹಲ್ಲು ಬರ್ತಿರಬೇಕು’ ಅಂತ ಮನೆಯಲ್ಲೇ ಇಟ್ಟುಕೊಂಡ ಮಕ್ಕಳು ನೀರೆಲ್ಲ ಕಳೆದುಕೊಂಡು ಸುಸ್ತಾಗಿ ಆಸ್ಪತ್ರೆ ಸೇರುತ್ತಾರೆ.

ಇನ್ನು 11 ತಿಂಗಳಾದರೂ ಹಲ್ಲಿಲ್ಲ ಅನ್ನುವುದು. ಅದಕ್ಕೆ ಗಾಬರಿ ಬೇಡ. ಕೆಳಗಿನ ಮುಂದಿನ ಹಲ್ಲು ಸಾಮಾನ್ಯವಾಗಿ 6ರಿಂದ 10 ತಿಂಗಳ ಒಳಗೆ ಬರುತ್ತದೆ, ಆದರೆ ವರ್ಷ ತುಂಬಿದ ಮೇಲೆ ಮೊದಲ ಹಲ್ಲು ಕಾಣುವ ಮಕ್ಕಳೂ ಬೇಕಾದಷ್ಟಿದ್ದಾರೆ. ನಿಮ್ಮಿಬ್ಬರಲ್ಲಿ ಯಾರಿಗಾದರೂ ತಡವಾಗಿ ಬಂದಿತ್ತಾ ಅಂತ ಮನೆಯ ಹಿರಿಯರನ್ನು ಕೇಳಿ, ಎಷ್ಟೋ ಸಲ ಉತ್ತರ ಅಲ್ಲೇ ಸಿಗುತ್ತದೆ. 18 ತಿಂಗಳಾದರೂ ಒಂದೂ ಬರದಿದ್ದರೆ ಮಾತ್ರ ಥೈರಾಯ್ಡ್, ವಿಟಮಿನ್ ಡಿ ಇವೆಲ್ಲ ನೋಡಬೇಕಾಗುತ್ತದೆ. ಅಂದಹಾಗೆ ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗಲ್ಲ ಅಂತ ಯಾರಾದರೂ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಕೆಲವು ಮಕ್ಕಳಿಗೆ ಆ ಕ್ರಮದಲ್ಲೇ ಬರುತ್ತದೆ. ವಸಡಿಗೆ ಜೇನು ಸವರಬೇಡಿ, ವರ್ಷದೊಳಗಿನ ಮಗುವಿಗೆ ಜೇನು ಅಪಾಯ. ಮರಗಟ್ಟಿಸುವ ಜೆಲ್ ಕೂಡ ಬೇಡ. ಚೆನ್ನಾಗಿ ತೊಳೆದ ಬೆರಳಿನಿಂದ ವಸಡು ಉಜ್ಜಿ, ಇಲ್ಲ ಶುದ್ಧವಾದ ಬಟ್ಟೆಯನ್ನು ತಣ್ಣಗೆ ಮಾಡಿ ಕಚ್ಚಲು ಕೊಡಿ, ಸಾಕು.

ಈಗ ಮಗಳು. ಹಿಂದೆ ಎದ್ದಿರುವ ಹಲ್ಲು ನೋಡಿ ಹೆದರಿದ್ದೀರಿ, ಆದರೆ ಅವಳ ಬಾಯಲ್ಲಿ ನನಗೆ ಕಡಿಮೆ ಚಿಂತೆಯ ವಿಷಯ ಅದೇ. ಕೆಳಗಿನ ಮುಂದಿನ ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವುದೇ ಹಾಲು ಹಲ್ಲಿನ ಬೇರಿನ ಹಿಂಭಾಗದಲ್ಲಿ, ನಾಲಿಗೆ ಕಡೆ. ಮೇಲೇಳುತ್ತಾ ಮುಂದಕ್ಕೂ ಸರಿಯುತ್ತವೆ. ಆ ಹೊತ್ತಿಗೆ ಹಾಲು ಹಲ್ಲಿನ ಬೇರು ತುದಿಯಿಂದ ಕರಗುತ್ತಾ ಬರಬೇಕು. ಮೂಳೆ ಕರಗಿಸುವ ಕೋಶಗಳಂಥವೇ ಈ ಕೆಲಸ ಮಾಡುತ್ತವೆ. ಕೆಲವು ಮಕ್ಕಳಲ್ಲಿ ಬೇರು ಒಂದೇ ಮಗ್ಗುಲಿನಲ್ಲಿ ಕರಗಿ ಇನ್ನೊಂದು ಮಗ್ಗುಲು ಹಿಡಿದುಕೊಂಡೇ ಇರುತ್ತದೆ, ಆಗ ಎರಡು ಸಾಲು ಕಾಣುತ್ತದೆ. ಕರಗುವುದು ಒಂದೇ ಸಮನೆ ನಡೆಯುವುದೂ ಇಲ್ಲ, ಸ್ವಲ್ಪ ಕರಗಿ, ನಿಂತು, ಮತ್ತೆ ಕರಗುತ್ತದೆ. ಅದಕ್ಕೇ ಹೋದ ವಾರ ಅಲ್ಲಾಡುತ್ತಿದ್ದ ಹಲ್ಲು ಈ ವಾರ ಗಟ್ಟಿಯಾದ ಹಾಗೆ ಅನಿಸುವುದುಂಟು.

ಬೆರಳಿಟ್ಟು ನೋಡಿ. ಹಾಲು ಹಲ್ಲು ಅಲ್ಲಾಡುತ್ತಿದ್ದರೆ ಅವಳೇ ದಿನಾ ನಾಲಿಗೆಯಿಂದ, ತೊಳೆದ ಬೆರಳಿನಿಂದ ಅಲ್ಲಾಡಿಸಲಿ. ಸೀಬೆಕಾಯಿ, ಕ್ಯಾರೆಟ್ ಕಚ್ಚಿ ತಿನ್ನಲಿ. ದಾರ ಕಟ್ಟಿ ಎಳೆಯಬೇಡಿ. ಅದು ಬಿದ್ದ ಮೇಲೆ ಹಿಂದಿನ ಹಲ್ಲನ್ನು ನಾಲಿಗೆಯೇ ಮುಂದಕ್ಕೆ ತಳ್ಳುತ್ತದೆ, ಜಾಗ ಇದ್ದರೆ ಕೆಲವು ತಿಂಗಳಲ್ಲಿ ಸಾಲಿಗೆ ಬಂದು ನಿಲ್ಲುತ್ತದೆ. ಹಾಲು ಹಲ್ಲು ಒಂಚೂರೂ ಅಲ್ಲಾಡುತ್ತಿಲ್ಲ, ಹೊಸದು ಅರ್ಧಕ್ಕಿಂತ ಜಾಸ್ತಿ ಹೊರಗೆ ಬಂದಿದೆ, ಇಲ್ಲವೇ ಎರಡು ತಿಂಗಳಾದರೂ ಹಾಗೇ ಇದೆ ಅಂದರೆ ಕೀಳಿಸಬೇಕು. ಅದು ಸಣ್ಣ ಕೆಲಸ. ಒಂದು ವಿಷಯ ನೆನಪಿರಲಿ: ಇದೇ ರೀತಿ ಮೇಲಿನ ಮುಂದಿನ ಹಲ್ಲು ಹಿಂದೆ ಬಂದರೆ ಕಾಯುವ ಹಾಗಿಲ್ಲ. ಮೇಲಿನದು ಕೆಳಗಿನ ಹಲ್ಲಿನ ಹಿಂದೆ ಹೋಗಿ ಸಿಕ್ಕಿಕೊಂಡರೆ ತಾನಾಗಿ ಮುಂದೆ ಬರುವುದಿಲ್ಲ.

ಬಿದ್ದ ಹಲ್ಲನ್ನು ಕೈಯಲ್ಲಿ ತಿರುಗಿಸಿ ನೋಡಿದರೆ ಅಡಿಯಲ್ಲಿ ಟೊಳ್ಳು, ಅಂಚು ಒರಟು, ಒಳಗೆ ಸ್ವಲ್ಪ ಕೆಂಪು. ಬೇರು ಇರುವುದೇ ಇಲ್ಲ. ಬೇರು ಮುರಿದು ಒಳಗೇ ಉಳಿದುಬಿಟ್ಟಿದೆ ಅಂತ ರಾತ್ರಿ ಹೊತ್ತು ಫೋನ್ ಮಾಡುವ ಅಪ್ಪಅಮ್ಮಂದಿರು ಬಹಳ. ಉಳಿದಿಲ್ಲ, ಕರಗಿಹೋಗಿದೆ. ಆಮೇಲೆ ನಿಮ್ಮತ್ತೆಯವರು ಸಗಣಿ ಉಂಡೆಯಲ್ಲಿಟ್ಟು ಮಾಡಿನ ಮೇಲೆ ಎಸೆಯೋಣ ಅಂದರೆ ಖುಷಿಯಾಗಿ ಎಸೆಯಲಿ. ಮಕ್ಕಳಿಗೆ ಅದು ಇಷ್ಟ, ಹಲ್ಲು ಬೀಳುವ ಭಯವೂ ಕಮ್ಮಿಯಾಗುತ್ತದೆ.

ಈಗ ಚೀಟಿ. ಅದರಲ್ಲಿರುವ ಎರಡು ನಂಬರ್ ಓದೋದು ಕಲಿತರೆ ಯಜಮಾನರ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದಂತೆ.

ಬಾಯಿಯನ್ನು ನಾಲ್ಕು ಭಾಗ ಮಾಡುತ್ತೇವೆ: ಮೇಲೆ ಬಲ, ಮೇಲೆ ಎಡ, ಕೆಳಗೆ ಎಡ, ಕೆಳಗೆ ಬಲ. ಶಾಶ್ವತ ಹಲ್ಲಿಗೆ ಈ ಭಾಗಗಳು 1, 2, 3, 4. ಹಾಲು ಹಲ್ಲಿಗೆ 5, 6, 7, 8. ಇದು ಮೊದಲ ಅಂಕಿ. ಎರಡನೇ ಅಂಕಿ ನಡುವಿನಿಂದ ಹಿಂದಕ್ಕೆ ಎಣಿಸಿದಾಗ ಎಷ್ಟನೇ ಹಲ್ಲು ಅನ್ನುವುದು. ಹಾಲು ಹಲ್ಲು ಒಂದೊಂದು ಭಾಗದಲ್ಲಿ ಐದೇ, ಒಟ್ಟು 20. ಶಾಶ್ವತ ಹಲ್ಲು ಬುದ್ಧಿ ಹಲ್ಲೂ ಸೇರಿ ಎಂಟು, ಒಟ್ಟು 32. ಹಾಗಾಗಿ 75 ಅಂದರೆ ಕೆಳಗೆ ಎಡಗಡೆಯ ಕೊನೆಯ ಹಾಲು ಹಲ್ಲು. 36 ಅಂದರೆ ಅದರ ಬೆನ್ನಿಗೇ ಇರುವ ಶಾಶ್ವತ ದವಡೆ ಹಲ್ಲು. ಬಾಯಿ ತೆರೆದು ನೋಡಿದರೆ ಎರಡೂ ಅಕ್ಕಪಕ್ಕ, ನೋಡೋಕೆ ಅಕ್ಕತಂಗಿಯರ ಹಾಗೆ. ಆದರೆ ಒಂದು ಇನ್ನು ನಾಲ್ಕೈದು ವರ್ಷ ಇರುತ್ತದೆ, ಇನ್ನೊಂದು ಅವಳು ಅಜ್ಜಿಯಾಗುವವರೆಗೂ ಇರಬೇಕು.

ಈ 36ರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಆರನೇ ವರ್ಷದ ಆಸುಪಾಸಿನಲ್ಲಿ ಬರುವ ನಾಲ್ಕು ದವಡೆ ಹಲ್ಲುಗಳಲ್ಲಿ, ಅಂದರೆ 16, 26, 36, 46ರಲ್ಲಿ ಇದೂ ಒಂದು. ಇವು ಯಾವ ಹಾಲು ಹಲ್ಲಿನ ಜಾಗಕ್ಕೂ ಬರುವುದಿಲ್ಲ. ಎಲ್ಲ ಹಾಲು ಹಲ್ಲುಗಳ ಹಿಂದೆ, ಖಾಲಿ ವಸಡಿನಲ್ಲಿ ಸದ್ದಿಲ್ಲದೆ ಎದ್ದುಬಿಡುತ್ತವೆ. ಏನೂ ಬೀಳದೆ ಬಂದ ಹಲ್ಲು ಅಲ್ವಾ, ಹಾಗಾಗಿ ಮನೆಯವರಿಗೆ ಗೊತ್ತೇ ಆಗುವುದಿಲ್ಲ, ಗೊತ್ತಾದರೂ ಹಾಲು ಹಲ್ಲೇ ಇರಬೇಕು ಅಂದುಕೊಳ್ಳುತ್ತಾರೆ. ಹತ್ತು ಹನ್ನೊಂದು ವರ್ಷದ ಮಗುವನ್ನು ಕರೆತಂದು ‘ಇದು ಬೀಳೋ ಹಲ್ಲೇ ಅಲ್ವಾ, ತೆಗೆದುಬಿಡಿ’ ಅಂತಾರೆ, ನೋಡಿದರೆ ಶಾಶ್ವತ ಹಲ್ಲು ಅರ್ಧ ಹುಳುಕಾಗಿ ಹೋಗಿರುತ್ತದೆ. ಅದನ್ನು ಹೇಳುವಾಗ ಆ ತಾಯಿಯ ಮುಖ ನೋಡೋಕೆ ನನಗೆ ಕಷ್ಟವಾಗುತ್ತದೆ. ಈ ಹಲ್ಲು ಬೇಗ ಹಾಳಾಗುವುದಕ್ಕೆ ಕಾರಣ ಇದೆ. ಮೇಲ್ಭಾಗದಲ್ಲಿ ಆಳವಾದ ಗೆರೆಗಳಿರುತ್ತವೆ, ಬ್ರಷ್ಷಿನ ಎಳೆ ಒಳಗೆ ಇಳಿಯುವುದಿಲ್ಲ. ಪೂರ್ತಿ ಮೇಲೇಳಲು ತಿಂಗಳುಗಟ್ಟಲೆ ಬೇಕು, ಅಲ್ಲಿಯವರೆಗೆ ಅದು ಮುಂದಿನ ಹಲ್ಲಿಗಿಂತ ತಗ್ಗಿನಲ್ಲಿರುತ್ತದೆ, ಬ್ರಷ್ ಮೇಲಿಂದ ಜಾರಿಕೊಂಡು ಹೋಗಿಬಿಡುತ್ತದೆ. ಹಿಂಭಾಗದಲ್ಲಿ ಒಂದು ಚೂರು ವಸಡು ಮುಚ್ಚಿಕೊಂಡಿದ್ದರೆ ಅದರಡಿ ಅನ್ನ, ಬಿಸ್ಕತ್ತು ಸಿಕ್ಕಿಕೊಳ್ಳುತ್ತದೆ.

ಸೀಲೆಂಟ್ ಅಂದರೆ ಆ ಗೆರೆಗಳನ್ನು ತೆಳುವಾದ ರಾಳದಂಥ ವಸ್ತುವಿನಿಂದ ಮುಚ್ಚುವುದು. ಇಂಜೆಕ್ಷನ್ ಇಲ್ಲ, ಕೊರೆಯುವುದಿಲ್ಲ, ನೋವಿಲ್ಲ. ದಯವಿಟ್ಟು ಮಾಡಿಸಿ. ಹಲ್ಲು ಒಣಗಿರಬೇಕು ಅನ್ನುವುದೊಂದೇ ಷರತ್ತು, ವಸಡು ಇನ್ನೂ ಮುಚ್ಚಿದ್ದರೆ ಡಾಕ್ಟರು ಸ್ವಲ್ಪ ದಿನ ಕಾಯಿರಿ ಅನ್ನಬಹುದು. ಅಲ್ಲಿಯವರೆಗೆ ನೀವೇ ಅವಳ ಕೆನ್ನೆ ಸ್ವಲ್ಪ ಎಳೆದು, ಬ್ರಷ್ಷನ್ನು ಹಲ್ಲುಸಾಲಿಗೆ ಅಡ್ಡವಾಗಿ ಹಿಡಿದು ಆ ಒಂದು ಹಲ್ಲನ್ನೇ ಉಜ್ಜಿ. ಉಳಿದ ಮೂರೂ ಕಡೆ ಅದರ ಜೊತೆಯವು ಬಂದಿವೆಯಾ ಅಂತಲೂ ನೋಡಿ, ಅವಕ್ಕೂ ಸೀಲೆಂಟ್ ಬೇಕಾ ಅಂತ ಕೇಳಿ.

ಈಗ 75, ಅಂದರೆ ‘ಹೇಗಿದ್ರೂ ಬೀಳೋ’ ಹಲ್ಲು. ಬೀಳುತ್ತದೆ ನಿಜ. ಯಾವಾಗ? 10ರಿಂದ 12ನೇ ವರ್ಷದ ನಡುವೆ. ಹಾಲು ಹಲ್ಲೆಲ್ಲ ಆರೇಳು ವರ್ಷಕ್ಕೆ ಬೀಳುತ್ತದೆ ಅನ್ನುವುದು ಮುಂದಿನ ಹಲ್ಲಿಗೆ ಮಾತ್ರ ಸರಿ. ಅಲ್ಲಿಯವರೆಗೆ ಈ ಹಲ್ಲಿಗೆ ಅಗಿಯುವುದರ ಜೊತೆ ಇನ್ನೊಂದು ಕೆಲಸ ಇದೆ, ಜಾಗ ಕಾಯುವುದು. ಇದರ ಬೇರುಗಳ ನಡುವೆ ಇದರ ಜಾಗಕ್ಕೆ ಬರಬೇಕಾದ ಶಾಶ್ವತ ಹಲ್ಲು ಬೆಳೆಯುತ್ತಿದೆ. ಹಿಂದಿರುವ 36 ಇದರ ಬೆನ್ನಿಗೆ ಒರಗಿಕೊಂಡು ಮೇಲೇಳುತ್ತಿದೆ. ಈಗ 75 ಕಿತ್ತು ಹಾಗೇ ಬಿಟ್ಟರೆ 36 ಮುಂದಕ್ಕೆ ವಾಲುತ್ತದೆ, ಅದೂ ಕಿತ್ತ ಮೊದಲ ಆರು ತಿಂಗಳಲ್ಲೇ ಜಾಸ್ತಿ. ಹನ್ನೊಂದನೇ ವರ್ಷಕ್ಕೆ ಒಳಗಿನ ಹಲ್ಲು ಮೇಲೆ ಬರಲು ನೋಡಿದಾಗ ಬಾಗಿಲು ಮುಚ್ಚಿರುತ್ತದೆ. ಒಂದೋ ಅದು ನಾಲಿಗೆ ಕಡೆ ಸೊಟ್ಟಗೆ ಬರುತ್ತದೆ, ಇಲ್ಲ ಮೂಳೆಯೊಳಗೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ಕ್ಲಿಪ್ ಹಾಕಿಸಿ, ಒಂದೂವರೆ ಎರಡು ವರ್ಷ ಓಡಾಡಿ, 36ನ್ನು ಹಿಂದಕ್ಕೆ ತಳ್ಳಿ ಜಾಗ ಮಾಡಬೇಕು. ಯಜಮಾನರು ಖರ್ಚಿನ ಲೆಕ್ಕ ಹಾಕುತ್ತಿದ್ದಾರೆ ಅಂದರೆ ಈ ಖರ್ಚನ್ನೂ ಆ ಲೆಕ್ಕಕ್ಕೆ ಸೇರಿಸಲಿ.

ಮಾಡಿಸದೆ ಹಾಗೇ ಬಿಟ್ಟರೆ? ಅದು ಇನ್ನೂ ಕೆಟ್ಟದ್ದು. ಹಾಲು ಹಲ್ಲಿನ ಎನಾಮೆಲ್, ಅಂದರೆ ಹೊರಗಿನ ಗಟ್ಟಿ ಪದರ, ಶಾಶ್ವತ ಹಲ್ಲಿನದರ ಸುಮಾರು ಅರ್ಧದಷ್ಟೇ ದಪ್ಪ, ಒಳಗಿನ ನರ ಮೇಲ್ಮೈಗೆ ಹತ್ತಿರ. ಹುಳುಕು ಬೇಗ ಒಳಗೆ ಹೋಗುತ್ತದೆ, ಎಷ್ಟೋ ಸಲ ಮಗು ನೋವು ಅಂತ ಹೇಳುವ ಹೊತ್ತಿಗೆ ನರದವರೆಗೆ ಹೋಗಿ ಆಗಿರುತ್ತದೆ. ಬೇರಿನ ಬುಡದಲ್ಲಿ ಕೀವಾದರೆ ಕೆಳಗೆ ಬೆಳೆಯುತ್ತಿರುವ ಹಲ್ಲಿಗೂ ತಾಕುತ್ತದೆ, ಅದು ಮುಂದೆ ಕಂದು ಕಲೆ, ಗುಳಿಗಳ ಜೊತೆ ಹುಟ್ಟಬಹುದು. ವಸಡಿನ ಮೇಲೆ ಸಣ್ಣ ಗುಳ್ಳೆ ಆಗಾಗ ಎದ್ದು ಒಡೆಯುತ್ತಿದ್ದರೆ ಅದು ಕೀವಿನ ದಾರಿ. ಕೆನ್ನೆ ಊದಿ ಜ್ವರ ಬಂದರೆ ಅದೇ ದಿನ ಆಸ್ಪತ್ರೆ, ಮಾತ್ರೆ ಅಂಗಡಿಯಲ್ಲ.

ಪಲ್ಪೆಕ್ಟಮಿ ಅಂದರೆ ಮಕ್ಕಳ ರೂಟ್ ಕೆನಾಲ್. ಕೆಟ್ಟ ನರ ತೆಗೆದು, ತೊಳೆದು, ಒಳಗೆ ಪೇಸ್ಟ್ ತುಂಬುತ್ತಾರೆ. ‘ಇದನ್ನೆಲ್ಲ ಮಾಡಿ ಕ್ಯಾಪ್ ಹಾಕಿದರೆ ಆಮೇಲೆ ಹಲ್ಲು ಬೀಳುತ್ತಾ?’ ಅಂತ ಸುಮಾರು ಜನ ಕೇಳುತ್ತಾರೆ. ಬೀಳುತ್ತದೆ. ದೊಡ್ಡವರ ಹಲ್ಲಿಗೆ ತುಂಬುವ ಗಟ್ಟಿ ವಸ್ತು ಇಲ್ಲಿ ತುಂಬುವುದಿಲ್ಲ, ಬೇರಿನ ಜೊತೆ ಕರಗುವ ಪೇಸ್ಟೇ ಹಾಕುತ್ತೇವೆ. ಸಮಯ ಬಂದಾಗ ಬೇರು ಕರಗಿ, ಸ್ಟೀಲ್ ಕ್ಯಾಪ್ ಸಮೇತ ಹಲ್ಲು ಕೈಗೆ ಬರುತ್ತದೆ.

ಕೀಳಿಸಲೇಬೇಕಾದ ಸಂದರ್ಭವೂ ಇದೆ. ಹಲ್ಲು ಮೇಲೆ ಏನೂ ಉಳಿಯದ ಹಾಗೆ ಪುಡಿಯಾಗಿದ್ದರೆ, ಬೇರಿನ ಸುತ್ತ ಮೂಳೆ ಜಾಸ್ತಿ ಕರಗಿದ್ದರೆ ಉಳಿಸುವ ಹಠ ಬೇಡ. ಎಕ್ಸ್‌ರೇ ನೋಡಿ ಡಾಕ್ಟರು ಹೇಳುತ್ತಾರೆ. ಆದರೆ ಆಗ ಅವರನ್ನು ತಪ್ಪದೆ ಕೇಳಬೇಕಾದ ಮಾತು: ‘ಸ್ಪೇಸ್ ಮೇಂಟೇನರ್ ಹಾಕ್ತೀರಾ?’ ಹಿಂದಿನ ಹಲ್ಲಿಗೆ ಉಂಗುರದಂಥ ಬ್ಯಾಂಡ್ ಕೂರಿಸಿ, ಅದರಿಂದ ಒಂದು ತಂತಿಯ ಕುಣಿಕೆ ಮುಂದಿನ ಹಲ್ಲಿಗೆ ತಾಕುವಂತೆ ಇಡುತ್ತಾರೆ, ಜಾಗ ಮುಚ್ಚುವುದಿಲ್ಲ. 36 ಇನ್ನೂ ಅರ್ಧವೇ ಎದ್ದಿದ್ದರೆ ಬ್ಯಾಂಡ್ ಸರಿಯಾಗಿ ಕೂರುವುದಿಲ್ಲ. ನಿಮ್ಮ ಮಗಳ ವಯಸ್ಸಿಗೆ 75 ಉಳಿಸಿಕೊಳ್ಳೋದು ವಾಸಿ ಅಂತ ನಾನು ಹೇಳುವುದಕ್ಕೆ ಅದೂ ಒಂದು ಕಾರಣ.

ಅತ್ತೆಯವರಿಗೆ ಹೇಳಿ, ಹಲ್ಲು ಕೀಳಿಸಿದರೆ ಕಣ್ಣು ಹೋಗುವುದಿಲ್ಲ. ಹಲ್ಲಿನ ನೋವು ತಿಳಿಸುವ ನರವೇ ಬೇರೆ, ನೋಟ ಒಯ್ಯುವ ನರವೇ ಬೇರೆ. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಂಜಾಗುವುದು, ವಸಡು ಸಡಿಲವಾಗಿ ಹಲ್ಲು ಕೀಳಿಸುವುದು ಒಂದೇ ವಯಸ್ಸಿನಲ್ಲಿ ಆಗುವುದರಿಂದ ಎರಡಕ್ಕೂ ಗಂಟು ಬಿದ್ದಿದೆ ಅನಿಸುತ್ತದೆ. ಹಾಗೇ ಅವರ ವಸಡನ್ನೂ ಒಮ್ಮೆ ತೋರಿಸಿ. ವಯಸ್ಸಾದರೆ ಹಲ್ಲು ಬಿದ್ದೇ ಬೀಳುತ್ತದೆ ಅಂತೇನಿಲ್ಲ, ಬೀಳಿಸುವುದು ವಸಡಿನ ರೋಗ, ಹುಳುಕು, ಹೊಗೆಸೊಪ್ಪು, ಹಿಡಿತಕ್ಕೆ ಸಿಗದ ಶುಗರ್.

ಹೊಸ ಹಲ್ಲು ಹಳದಿ ಅಂದಿರಿ. ಬರೀ ತೆಳು ಹಳದಿ ಆದರೆ ಅದು ಸಹಜ ಬಣ್ಣ. ಹಾಲು ಹಲ್ಲು ಹಾಲಿನ ಬಿಳಿ, ಶಾಶ್ವತ ಹಲ್ಲಿನಲ್ಲಿ ಒಳಗಿನ ಹಳದಿ ಪದರ ಎನಾಮೆಲ್ ಮೂಲಕ ಕಾಣುತ್ತದೆ, ಪಕ್ಕದಲ್ಲಿ ಬಿಳಿ ಹಲ್ಲಿದ್ದಾಗ ಇನ್ನೂ ಎದ್ದು ಕಾಣುತ್ತದೆ. ಅಂಚಿನಲ್ಲಿ ಗರಗಸದ ಹಾಗೆ ಮೂರು ಸಣ್ಣ ಉಬ್ಬು ಇದ್ದರೆ ಅದೂ ಸಹಜ, ಕಚ್ಚುತ್ತಾ ಸವೆಯುತ್ತವೆ. ಆದರೆ ಸೀಮೆಸುಣ್ಣ ಎಳೆದಂತೆ ಬಿಳಿ ಗೆರೆ, ಕಂದು ಕಲೆ, ಎಡ ಬಲ ಎರಡೂ ಹಲ್ಲಿನಲ್ಲಿ ಒಂದೇ ಥರ ಇದೆಯಾ ನೋಡಿ. ಇದ್ದರೆ ಅದು ಕುಡಿಯುವ ನೀರಿನಲ್ಲಿ ಫ್ಲೋರೈಡ್ ಅನ್ನುವ ಲವಣ ಜಾಸ್ತಿಯಾಗಿ ಆದ ಕಲೆ ಇರಬಹುದು. ನಿಮ್ಮ ಜಿಲ್ಲೆ ಅಂದಾಗ ನನಗೆ ಮೊದಲು ನೆನಪಾಗುವುದು ಬೋರ್‌ವೆಲ್ ನೀರು. ಚಿತ್ರದುರ್ಗ, ಪಾವಗಡ, ಕೋಲಾರ, ರಾಯಚೂರು ಕಡೆ ಫ್ಲೋರೈಡ್ ಜಾಸ್ತಿ ಇರುವ ಹಳ್ಳಿಗಳು ಬಹಳ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ನಮ್ಮ ದೇಶದ ಮಾನದಂಡ.

ಇಲ್ಲಿ ಗಮನಿಸಬೇಕಾದದ್ದು ಚಿಕ್ಕವನನ್ನು. ಮಗಳ ಮುಂದಿನ ಹಲ್ಲುಗಳ ಎನಾಮೆಲ್ ಆಗಲೇ ತಯಾರಾಗಿದೆ, ಅದರ ಮೇಲೆ ನೀರು ಇನ್ನು ಕಲೆ ಮಾಡುವುದಿಲ್ಲ. ಅವನದು ಈಗ ದವಡೆಯೊಳಗೆ ತಯಾರಾಗುತ್ತಿದೆ, ಇನ್ನೂ ಹಲವು ವರ್ಷ ಆಗುತ್ತಲೇ ಇರುತ್ತದೆ. ಹಲ್ಲೇ ಬಂದಿಲ್ಲದ ಮಗುವಿನ ಹಲ್ಲನ್ನು ಕಾಪಾಡುವ ಸಮಯ ಇದೇ. ಕುಡಿಯೋಕೆ ಮಾತ್ರವಲ್ಲ, ಅವನ ಗಂಜಿ, ಅನ್ನ ಬೇಯಿಸೋಕೂ ಊರಿನ ಶುದ್ಧ ನೀರಿನ ಘಟಕದ ನೀರು ಬಳಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತದೆ. ಪೇಸ್ಟಿನಲ್ಲೂ ಸಾಮಾನ್ಯವಾಗಿ ಫ್ಲೋರೈಡ್ ಇರುತ್ತದೆ, ಹಾಗಾಗಿ ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿ ಕಾಳಿನಷ್ಟು. ಆರು ವರ್ಷ ದಾಟಿದವಳಾದರೂ ನುಂಗದೆ ಉಗುಳುತ್ತಾಳಾ ಅಂತ ಪಕ್ಕದಲ್ಲಿ ನಿಂತು ನೋಡಿ.

ಮುಂದೆ ಬರುವುದನ್ನೂ ಈಗಲೇ ಹೇಳಿಬಿಡುತ್ತೇನೆ, ಮತ್ತೆ ಗಾಬರಿ ಆಗದಿರಲಿ. ಎಂಟು ವರ್ಷದ ಹೊತ್ತಿಗೆ ಮೇಲಿನ ಮುಂದಿನ ಹಲ್ಲುಗಳು ದೊಡ್ಡದಾಗಿ, ನಡುವೆ ಸಂದಿ ಬಿಟ್ಟುಕೊಂಡು, ಹೊರಕ್ಕೆ ಚಾಚಿಕೊಂಡು ಕಾಣಬಹುದು. ಒಳಗೆ ಕೋರೆ ಹಲ್ಲುಗಳು ಇಳಿಯುತ್ತಾ ಬೇರುಗಳನ್ನು ಒತ್ತುತ್ತಿರುತ್ತವೆ, ಅದಕ್ಕೆ ಹಾಗೆ. 11, 12 ವರ್ಷಕ್ಕೆ ಕೋರೆ ಹಲ್ಲು ಬಂದಾಗ ಸಾಮಾನ್ಯವಾಗಿ ಸಂದಿ ತಾನೇ ಮುಚ್ಚುತ್ತದೆ. ಎಂಟರ ಆಸುಪಾಸಿನಲ್ಲೇ ಮಕ್ಕಳು ಬಿದ್ದು ಹಲ್ಲು ಕಿತ್ತುಬರುವುದೂ ಜಾಸ್ತಿ. ಹಾಲು ಹಲ್ಲಾದರೆ ವಾಪಸ್ ಕೂರಿಸಬಾರದು. ಶಾಶ್ವತ ಹಲ್ಲಾದರೆ ಬೇರು ಮುಟ್ಟದೆ ಮೇಲ್ಭಾಗ ಹಿಡಿದು, ಕೊಳೆ ಇದ್ದರೆ ಹಾಲಿನಲ್ಲಿ ಒಂದು ಸಲ ಅದ್ದಿ, ಅದೇ ಜಾಗಕ್ಕೆ ಕೂರಿಸಿ. ಆಗದಿದ್ದರೆ ಒಂದು ಲೋಟ ತಣ್ಣನೆಯ ಹಾಲಿನಲ್ಲಿ ಹಾಕಿಕೊಂಡು ಓಡಿ. ನೀರಿನಲ್ಲಿ ಇಡಬೇಡಿ. ಅರ್ಧ ಗಂಟೆಯೊಳಗೆ ಡಾಕ್ಟರ ಕೈ ಸೇರಿದರೆ ಹಲ್ಲು ಉಳಿಯುವ ಸಾಧ್ಯತೆ ಚೆನ್ನಾಗಿದೆ. ಇದನ್ನು ಅವಳ ಶಾಲೆಯ ಟೀಚರಿಗೂ ಹೇಳಿಡಿ.

ಕೊನೆಗೆ ದುಡ್ಡಿನ ಮಾತು. ಖರ್ಚು ಕಷ್ಟ ಅನ್ನುವುದು ಸುಳ್ಳಲ್ಲ, ಅದಕ್ಕೆ ಯಜಮಾನರ ಮೇಲೆ ಬೇಜಾರು ಬೇಡ. ನಿಮಗೆ ದಾವಣಗೆರೆ ದೂರವಲ್ಲ, ಅಲ್ಲಿ ಡೆಂಟಲ್ ಕಾಲೇಜುಗಳಿವೆ. ಮಕ್ಕಳ ಹಲ್ಲಿನ ವಿಭಾಗ ಎಲ್ಲಿ ಅಂತ ಕೇಳಿಕೊಂಡು ಹೋಗಿ. ಸ್ನಾತಕೋತ್ತರ ವಿದ್ಯಾರ್ಥಿಗಳು ಸೀನಿಯರ್ ಡಾಕ್ಟರ ಕಣ್ಣೆದುರೇ ಮಾಡುತ್ತಾರೆ, ಕಾಲೇಜು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ ತಗಲುತ್ತದೆ, ಸಮಯ ಮಾತ್ರ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಈಗಿರುವ ಚೀಟಿ, ಎಕ್ಸ್‌ರೇ ತೆಗೆಸಿದ್ದರೆ ಅದನ್ನೂ ಜೊತೆಗೆ ಒಯ್ಯಿರಿ. ಮಗಳಿಗೆ ತಿಂಡಿ ಕೊಟ್ಟು, ಹಲ್ಲುಜ್ಜಿಸಿ, ಬೆಳಗ್ಗೆ ಬೇಗ ಕರೆದುಕೊಂಡು ಹೋಗಿ, ಮಧ್ಯಾಹ್ನದ ಹೊತ್ತಿಗೆ ಮಕ್ಕಳಿಗೆ ಸುಸ್ತಾಗಿ ಬಾಯಿ ತೆರೆಯುವುದಿಲ್ಲ. ಆದರೆ ಚಿಕ್ಕವನನ್ನು ಇವತ್ತೇ ತೋರಿಸಿ.